ಒಲೆಯ ಮೇಲಿನ ಬ್ಯಾಟು

ಒಣ ಸಿಗಡಿಯ ವಾಸನೆ ಮೂಗಿಗೆ ಬಂದರೆ ನನಗೆ ಟೆನಿಸ್ ನೆನಪಾಗುತ್ತದೆ. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ, ನಗಲಿ. ಮೊನ್ನೆ ಮಳೆ ಹಿಡಿಯುವ ಮೊದಲು ಸಂತೆಕಟ್ಟೆಯ ಸಂತೆಗೆ ಹೋಗಿದ್ದೆ. ಒಣಮೀನಿನ ಸಾಲಿನಲ್ಲಿ ಕೂತಿದ್ದ ಹೆಂಗಸು ಗೋಣಿಯ ಬಾಯಿ ಬಿಚ್ಚಿ ಒಂದು ಬೊಗಸೆ ಸಿಗಡಿ ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು. ಉಪ್ಪು, ಬಿಸಿಲು, ಅದರ ಹಿಂದೆ ಸಣ್ಣಗೆ ಹೊಗೆ. ಅಷ್ಟೇ ಸಾಕಾಯಿತು. ಸಂತೆಯ ಗದ್ದಲವೆಲ್ಲ ಎತ್ತಲೋ ಸರಿದು, ಕಾಪುವಿನ ನಮ್ಮ ಮನೆಯ ಗೋಡೆಗೆ ಚೆಂಡು ಬಡಿಯುವ ಸದ್ದು ಕಿವಿಯಲ್ಲಿ ಶುರುವಾಯಿತು. ಈಗ ಆ ಗೋಡೆಯೂ ಇಲ್ಲ, ಅದರ ಮುಂದಿನ ಅಂಗಳವೂ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಎರಡೂ ಹೋದವು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಮುಚ್ಚಿದರೂ ಎಲ್ಲಿ ಬಂತೆಂದು ಗೊತ್ತಾಗುತ್ತದೆ.

ಆ ಮನೆಯ ಅಡುಗೆಕೋಣೆಯಲ್ಲಿ ಒಲೆಯ ಮೇಲೆ ಬಿದಿರಿನ ಅಟ್ಟವೊಂದಿತ್ತು. ಮಳೆಗಾಲಕ್ಕೆಂದು ಕೂಡಿಟ್ಟದ್ದೆಲ್ಲ ಅದರ ಮೇಲೆ. ಕೊಬ್ಬರಿ, ಹಲಸಿನ ಹಪ್ಪಳದ ಕಟ್ಟು, ಪುನರ್ಪುಳಿಯ ಸಿಪ್ಪೆ, ಹಳೆಯ ಬಟ್ಟೆಯಲ್ಲಿ ಕಟ್ಟಿದ ಒಣ ಸಿಗಡಿಯ ಗಂಟು. ಇವುಗಳ ನಡುವೆ, ಸೊಟ್ಟಗಾಗದಿರಲೆಂದು ಮರದ ಚೌಕಟ್ಟಿನಲ್ಲಿ ನಾಲ್ಕು ಮೂಲೆಗೂ ತಿರುಪು ಬಿಗಿಸಿಕೊಂಡು ದೊಡ್ಡಮ್ಮನ ಟೆನಿಸ್ ಬ್ಯಾಟು ಮಲಗಿರುತ್ತಿತ್ತು. ರ‍್ಯಾಕೆಟ್ ಎನ್ನುವುದು ಸರಿಯಾದ ಮಾತು ಎಂದು ದೊಡ್ಡಮ್ಮ ತಿದ್ದುತ್ತಿದ್ದಳು. ನಮ್ಮ ಮನೆಯಲ್ಲಿ ಯಾರ ನಾಲಿಗೆಯೂ ಅದಕ್ಕೆ ಒಗ್ಗಲಿಲ್ಲ, ಅದು ಬ್ಯಾಟಾಗಿಯೇ ಉಳಿಯಿತು. ಅದರ ತಂತಿಗಳು ಪ್ರಾಣಿಯ ಕರುಳಿನಿಂದ ಹೊಸೆದವು. ನಮ್ಮ ಕಡಲ ಬದಿಯ ತೇವಕ್ಕೆ ಅವು ಉಬ್ಬಿ ಒಂದೊಂದಾಗಿ ಕಡಿದುಹೋಗುತ್ತವೆ ಎಂದು ದೊಡ್ಡಮ್ಮ ಮಳೆಗಾಲ ಇಡೀ ಅದಕ್ಕೆ ಒಲೆಯ ಕಾವು ಕೊಡುತ್ತಿದ್ದಳು. ಮಳೆ ಬಿಟ್ಟ ಮೇಲೆ ಕೆಳಗಿಳಿಸಿ ಒರೆಸಿ ಎಣ್ಣೆ ಸವರಿದರೂ ಹಿಡಿಯ ಚರ್ಮದಿಂದ ಸಿಗಡಿಯ ವಾಸನೆ ಹೋಗುತ್ತಿರಲಿಲ್ಲ. ಆಡಿ ಬಂದ ಮೇಲೆ ನನ್ನ ಅಂಗೈಯಲ್ಲೂ ಅದೇ ವಾಸನೆ. ಬೆಕ್ಕು ನನ್ನ ಹಿಂದೆ ಹಿಂದೆ ಬರುತ್ತಿತ್ತು.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ಸುಮತಿ. ನನಗೆ ಬುದ್ಧಿ ತಿಳಿಯುವಾಗ ಅವಳಿಗೆ ನಲವತ್ತು ದಾಟಿತ್ತು. ಕೂತಲ್ಲಿ ಕೂರುವ ಹೆಂಗಸಲ್ಲ. ಊಟಕ್ಕೆ ಕೂತರೆ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು, ಯಾರೋ ಕರೆದರೆಂದು ಈಗಲೇ ಏಳುವವಳ ಹಾಗೆ. ಕಾಯಿ ತುರಿಯುವಾಗ ಹೆಬ್ಬೆರಳು ನೆಲ ತಟ್ಟುತ್ತಿತ್ತು. ಬಸ್ಸಿಗೆ ಕಾಯುವುದು ಅವಳಿಂದ ಆಗದ ಕೆಲಸ, ಮುಂದಿನ ಸ್ಟಾಪಿನವರೆಗೆ ನಡೆದು ಅಲ್ಲಿ ಹತ್ತುತ್ತಿದ್ದಳು. ನಿದ್ದೆಯಂತೂ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಎಲ್ಲರೂ ಮಲಗಿದ ಮೇಲೂ ಚಾವಡಿಯ ಈ ಕಂಬದಿಂದ ಆ ಕಂಬಕ್ಕೆ ಅವಳ ಹೆಜ್ಜೆ ಕೇಳುತ್ತಿತ್ತು. “ಅಕ್ಕಾ, ಸ್ವಲ್ಪ ಮಲಗಬಾರದಾ?” ಎಂದು ಅಮ್ಮ ಒಳಗಿನಿಂದ ಕೇಳಿದರೆ, “ಮಲಗಿದ್ದೇನೆ” ಎಂದು ನಡೆಯುತ್ತಲೇ ಉತ್ತರಿಸುತ್ತಿದ್ದಳು. ಮನೆಯ ಮಾತು ತುಳು. ನಾನಿಲ್ಲಿ ಕನ್ನಡದಲ್ಲಿ ಬರೆಯುವಾಗ ಆ ಉತ್ತರದ ಒಗರು ಸ್ವಲ್ಪ ಕಡಿಮೆಯಾಗುತ್ತದೆ.

ದೊಡ್ಡಮ್ಮ ಹೆಸರು ಮಾಡಿದ ಕಾಲಕ್ಕೆ ನಾನು ಹುಟ್ಟಿರಲಿಲ್ಲ. ಆ ಕಥೆ ನನಗೆ ಸಿಕ್ಕಿದ್ದು ತುಂಡು ತುಂಡಾಗಿ, ಹೆಚ್ಚಿನದು ಅಮ್ಮನಿಂದ. ಅವರ ತಂದೆ ಮದರಾಸಿನಲ್ಲಿ ಸರಕಾರಿ ಡಾಕ್ಟರು. ಅಳಿಯಕಟ್ಟಿನ ಕುಟುಂಬವಾದ್ದರಿಂದ ಮಕ್ಕಳು ತಾಯಿಯ ಮನೆಗೆ ಸೇರಿದವರು, ಆ ಮನೆಗೆ ಸೋದರಮಾವನೇ ಯಜಮಾನ. ಆದರೂ ದೊಡ್ಡಮ್ಮ ಬೆಳೆದದ್ದು ಮದರಾಸಿನ ಕ್ವಾರ್ಟರ್ಸಿನಲ್ಲಿ. ಅದರ ಹಿತ್ತಲಿಗೆ ತಾಗಿ ಸಾಹೇಬರ ಕ್ಲಬ್ಬು. ಅಲ್ಲಿ ಸದಸ್ಯರ ಎದುರು ಆಡಲು ಸಂಬಳಕ್ಕಿಟ್ಟ ಮಾರ್ಕರ್ ಒಬ್ಬನಿದ್ದ. ಸಾಹೇಬರು ಏಳುವ ಮೊದಲು ಅವನು ಬರಿಗಾಲಿನ ಈ ಹುಡುಗಿಗೆ ಚೆಂಡು ಹೊಡೆದು ಕೊಡುತ್ತಿದ್ದನಂತೆ. ಅಲ್ಲಿಂದ ಶಾಲೆಯ ಪಂದ್ಯ, ಕಾಲೇಜಿನ ಪಂದ್ಯ, ಆಮೇಲೆ ತಂದೆಯ ಜೊತೆ ರೈಲಿನಲ್ಲಿ ಬೆಂಗಳೂರು, ಕೊಯಮತ್ತೂರು, ತಿರುವನಂತಪುರ. ಹೋದಲ್ಲೆಲ್ಲ ಗೆಲುವು. ಆಗಿನ ಹೆಂಗಸರು ಹಿಂದಿನ ಗೆರೆಯ ಹತ್ತಿರ ನಿಂತು, ಚೆಂಡು ಬಂದಾಗ ನಯವಾಗಿ ಹಿಂದಿರುಗಿಸುವವರು. ದೊಡ್ಡಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಸರ್ವ್ ಮಾಡಿದ ಕೂಡಲೇ ಬಲೆಯ ಹತ್ತಿರಕ್ಕೆ ಓಡಿ, ನೆಲ ಮುಟ್ಟುವ ಮೊದಲೇ ಚೆಂಡನ್ನು ಮುಗಿಸಿಬಿಡುತ್ತಿದ್ದಳು. ಒಂದು ಪೇಪರಿನಲ್ಲಿ ಬಂದಿದ್ದ ಅವಳ ಫೋಟೋವನ್ನು ಕಪಾಟಿನ ಬಾಗಿಲ ಒಳಬದಿಗೆ ಅನ್ನದ ಗಂಜಿಯಿಂದ ಅಂಟಿಸಿದ್ದರು. ಬಿಳಿಯ ಉಡುಪು, ಎರಡು ಜಡೆ, ಒಂದು ಕಾಲು ಗಾಳಿಯಲ್ಲಿ. ಜಿರಲೆ ಆ ಕಾಲಿನ ಅರ್ಧ ತಿಂದಿತ್ತು. ಗೆದ್ದ ಬೆಳ್ಳಿಯ ಕಪ್ಪುಗಳಲ್ಲಿ ಹೆಚ್ಚಿನವನ್ನು ಕರಗಿಸಿ ಅಮ್ಮನ ಮದುವೆಗೆ ತಟ್ಟೆ ಮಾಡಿಸಿದರು. ಉಳಿದ ಒಂದರಲ್ಲಿ ಅಜ್ಜ ಎಲೆಯಡಿಕೆಯ ಸುಣ್ಣ ಇಟ್ಟುಕೊಳ್ಳುತ್ತಿದ್ದರು.

ಈ ಅಜ್ಜನೇ ಆ ಸೋದರಮಾವ. ಅಮ್ಮನಿಗೂ ದೊಡ್ಡಮ್ಮನಿಗೂ ಅವರು ದೊಡ್ಡ ಮಾವ, ನನಗೆ ಅಜ್ಜ. ದೊಡ್ಡಮ್ಮನ ಆಟದ ಕೊನೆ ಇವರಿಂದಲೇ ಆಯಿತು. ಇವರಿಂದಲೇ ಎಂದು ಬರೆಯುವಾಗಲೂ ನನಗೆ ಖಾತ್ರಿಯಿಲ್ಲ, ಆ ಖಾತ್ರಿ ಇಲ್ಲದಿರುವುದೇ ಇಡೀ ಸಂಕಟ.

ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮೊದಲು. ಮದರಾಸಿನಲ್ಲಿ ದಕ್ಷಿಣದ ಹೆಂಗಸರಿಗೆಲ್ಲ ದೊಡ್ಡದಾದ ಒಂದು ಪಂದ್ಯದ ಫೈನಲ್. ದೊಡ್ಡಮ್ಮನ ಎದುರು ಯಾರೋ ಬಿಳಿಯ ಅಧಿಕಾರಿಯ ಹೆಂಡತಿ. ಗೆದ್ದರೆ ಕಲ್ಕತ್ತೆಗೆ ಕಳಿಸುತ್ತಾರೆ, ಅಲ್ಲಿ ಗೆದ್ದರೆ ಸಮುದ್ರದಾಚೆಗೂ ಕಳಿಸಬಹುದು ಎಂಬ ಮಾತಿತ್ತು. ಮೊದಲ ಸೆಟ್ ಗೆದ್ದಾಗಿತ್ತು, ಎರಡನೆಯದರಲ್ಲೂ ಮುಂದಿದ್ದಳು. ಆಗ ಬೇಲಿಯ ಹತ್ತಿರ ವಾಸಣ್ಣ ಬಂದು ನಿಂತ. ವಾಸಣ್ಣ ನಮ್ಮ ದೂರದ ಸಂಬಂಧಿ, ದೊಡ್ಡಮ್ಮನಿಗಿಂತ ಸ್ವಲ್ಪ ಹಿರಿಯ, ಮದರಾಸಿನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದವನು. ಊರಿನಿಂದ ಬಂದ ಯಾರೋ ಅವನಿಗೆ ಮಾತು ಮುಟ್ಟಿಸಿದ್ದರು. ಅವನು ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ದೊಡ್ಡಮ್ಮನನ್ನು ಕರೆದು ಹೇಳಿದನಂತೆ: “ದೊಡ್ಡ ಮಾವನಿಗೆ ಸ್ವಲ್ಪ ಸೌಖ್ಯ ಇಲ್ಲವಂತೆ. ನೀನು ಕೂಡಲೇ ಹೊರಡಬೇಕಂತೆ.”

ನಮ್ಮ ಕಡೆ ಸಾವಿನ ಸುದ್ದಿಯನ್ನು ದಾರಿಯಲ್ಲಿ ನಿಲ್ಲಿಸಿ ಹೇಳುವ ಕ್ರಮವಿಲ್ಲ. ದೂರದಲ್ಲಿರುವವರಿಗೆ ಸ್ವಲ್ಪ ಸೌಖ್ಯ ಇಲ್ಲ, ಬರಬೇಕಂತೆ ಎನ್ನುತ್ತಾರೆ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಅದನ್ನು ಸುಳ್ಳು ಎಂದು ಯಾರೂ ತಿಳಿಯುವುದಿಲ್ಲ. ಮನೆ ಮುಟ್ಟುವವರೆಗೆ ಒಂದು ಸಣ್ಣ ಆಸೆಯನ್ನು ಕೈಯಲ್ಲಿ ಕೊಟ್ಟು ಕಳಿಸುವ ದಾಕ್ಷಿಣ್ಯ ಅದು. ಅಪ್ಪ ತೀರಿದರೂ ಒಂದು ದಿನ ತಡೆಯಬಹುದು, ಯಜಮಾನ ಮಾವ ತೀರಿದರೆ ತಡೆಯುವ ಹಾಗಿಲ್ಲ. ದೊಡ್ಡಮ್ಮ ಮತ್ತೇನೂ ಕೇಳಲಿಲ್ಲ. ಬ್ಯಾಟನ್ನು ಚೌಕಟ್ಟಿಗೆ ಹಾಕಿ, ತಿರುಪುಗಳನ್ನು ಒಂದೊಂದಾಗಿ ಬಿಗಿದು, ಆ ಬಿಳಿಯ ಹೆಂಗಸಿಗೆ ಕೈ ಕುಲುಕಿ ಹೊರಗೆ ಬಂದಳು. ಅಂದೇ ತಂದೆ ಮಂಗಳೂರಿನ ರೈಲು ಹತ್ತಿಸಿದರು. ಮಂಗಳೂರಿನಿಂದ ಬಸ್ಸು, ಹೊಳೆ ಬಂದಲ್ಲಿ ದೋಣಿ, ಮತ್ತೆ ಬಸ್ಸು. ದಾರಿ ಉದ್ದಕ್ಕೂ ಅತ್ತಳಂತೆ. ನಮ್ಮ ಗೇಟಿನಲ್ಲಿ ಜಡೆ ಬಿಚ್ಚಿ ಕೂದಲು ಹರಡಿಕೊಂಡು, ಸಾವಿನ ಮನೆಗೆ ಬರುವವರು ಬರುವ ಹಾಗೆಯೇ ಗಟ್ಟಿಯಾಗಿ ಅಳುತ್ತ ಅಂಗಳಕ್ಕೆ ಕಾಲಿಟ್ಟಳು. ಅಜ್ಜ ಚಾವಡಿಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದರು.

ಅಮ್ಮ ಆಗ ಸಣ್ಣವಳು, ತಾಯಿಯ ಜೊತೆ ಊರಿಗೆ ಬಂದಿದ್ದಳು, ಕಣ್ಣಾರೆ ನೋಡಿದ್ದಳು. ಅಜ್ಜ ತಲೆ ಎತ್ತಿ, “ಬಂದೆಯಾ? ಜ್ವರ ಇತ್ತು, ಬಿಟ್ಟಿತು” ಎಂದರಂತೆ. ಆಮೇಲೆ ಉಪ್ಪಿನಕಾಯಿ ಕೇಳಿದರಂತೆ. ಅಂಗಳದ ನಡುವೆ ಕೂದಲು ಬಿಚ್ಚಿ ನಿಂತ ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು ಎಂದು ಅಮ್ಮ ಹೇಳುವಾಗ ಮೊದಲು ನಗು ಬರುತ್ತಿತ್ತು, ನಗು ಮುಗಿಯುವುದರೊಳಗೆ ಅಮ್ಮನ ಕಣ್ಣು ತುಂಬುತ್ತಿತ್ತು. ಆ ಬೇಸಿಗೆಯಲ್ಲೇ ಕಾರ್ಕಳದ ಅಕ್ಕಿ ಗಿರಣಿಯವರ ಮನೆಗೆ ದೊಡ್ಡಮ್ಮನ ಮದುವೆಯಾಯಿತು.

ಅಜ್ಜನಿಗೆ ನಿಜವಾಗಿ ಜ್ವರ ಬಂದಿತ್ತೇ, ಅಥವಾ ಹುಡುಗಿ ಸಮುದ್ರ ದಾಟುವ ಮೊದಲು ಮದುವೆ ಮಾಡಿ ಮುಗಿಸಬೇಕೆಂದು ಕರೆಸಿದ್ದೇ? ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಜ್ವರ ಇದ್ದದ್ದು ಹೌದು ಎಂದು ಕೆಲವರು. ಜ್ವರಕ್ಕೆ ಮೊದಲೇ ಕಾರ್ಕಳದವರು ಬಂದು ಹೋಗಿದ್ದರು ಎಂದು ಕೆಲವರು. ಅಜ್ಜನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ದೊಡ್ಡಮ್ಮನಿಗೂ. ಕಾರ್ಕಳದ ದೊಡ್ಡಪ್ಪ ಒಳ್ಳೆಯವರೇ. ಆಡಬೇಡ ಎನ್ನಲಿಲ್ಲ, ಆದರೆ ಗಿರಣಿಯ ತೌಡಿನ ಧೂಳಿನಲ್ಲಿ ಯಾರ ಜೊತೆ ಆಡುವುದು? ಗಿರಣಿಯ ಹಿಂಗೋಡೆಗೆ ಚೆಂಡು ಹೊಡೆದು ಹೊಡೆದು ಗಾರೆ ಉದುರಿತ್ತಂತೆ. ಮಕ್ಕಳಾಗಲಿಲ್ಲ. ದೊಡ್ಡಪ್ಪ ತೀರಿದ ಮೇಲೆ, ನಮ್ಮಲ್ಲಿ ಹೆಣ್ಣುಮಕ್ಕಳು ಬರುವ ಹಾಗೆ, ಟ್ರಂಕು ಮತ್ತು ಬ್ಯಾಟು ಹಿಡಿದುಕೊಂಡು ಕಾಪುವಿನ ತಾಯಿಮನೆಗೆ ಬಂದಳು. ಸೋದರಿಯ ಹಿರಿಯ ಮಗಳು, ಹಿರಿಯ ಸೊಸೆ ಎಂದು ಅಜ್ಜನ ಗಂಜಿ, ಬಿಸಿನೀರು, ಕಷಾಯದ ಕೆಲಸ ಅವಳ ಪಾಲಿಗೇ ಬಂತು. ಯಾರು ಸತ್ತರೆಂದು ಅತ್ತುಕೊಂಡು ಓಡಿಬಂದಳೋ ಅವರಿಗೆ ದಿನಾ ಎರಡು ಹೊತ್ತು ಗಂಜಿ ಬಡಿಸುವ ಯೋಗ.

ನಾನು ಕಂಡ ಅಜ್ಜ ಮಾತು ಕಡಿಮೆಯ ಮನುಷ್ಯ. ಚಾವಡಿಯ ಕುರ್ಚಿಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂರುತ್ತಿದ್ದರು. ಅವರಿಗೆ ಅಂಗಳವೆಂದರೆ ಪ್ರಾಣ. ಕಡಲ ಬದಿಯ ಹೊಯಿಗೆಯ ಮರಳು ಮಣ್ಣಿಗೆ ಅಂಗಳ ನಿಲ್ಲುವುದಿಲ್ಲವೆಂದು ಹಿರಿಯಡ್ಕದ ಕಡೆಯಿಂದ ಲಾರಿಯಲ್ಲಿ ಕೆಂಪು ಮಣ್ಣು ತರಿಸಿದ್ದರು. ಮಳೆಗಾಲದಲ್ಲಿ ಅದರ ಮೇಲೆ ತೆಂಗಿನ ಮಡಲು ಹಾಸಿ ಕಾಯುತ್ತಿದ್ದರು. ಮಳೆ ಬಿಟ್ಟೊಡನೆ ಮಡಲು ತೆಗೆದು, ಮೇಲ್ಮಣ್ಣು ಕೆದಕಿ, ನೀರು ಚಿಮುಕಿಸಿ, ಆಳುಗಳು ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಮರದ ಮಣೆಯಿಂದ ಬಡಿಯುತ್ತಿದ್ದರು. ಇಡೀ ಮನೆ ಆ ಸದ್ದಿಗೆ ಅದುರುತ್ತಿತ್ತು. ಕೊನೆಗೆ ಸೆಗಣಿ ಸಾರಿಸಿದರೆ, ಭತ್ತದ ಒಂದು ಕಾಳೂ ಮಣ್ಣಿನಲ್ಲಿ ಹೂತುಹೋಗದ ಹಾಗೆ ನೆಲ ಗಟ್ಟಿಯಾಗುತ್ತಿತ್ತು. ಕೊಯ್ಲಿನ ಭತ್ತ ಬಡಿಯುವುದು, ಒಣಗಿಸುವುದು ಎಲ್ಲ ಅಲ್ಲೇ. ದೊಡ್ಡಮ್ಮನಿಗೆ ಸಿಗುತ್ತಿದ್ದದ್ದು ಅಂಗಳದ ಒಂದು ಮೂಲೆ ಮತ್ತು ಕೊಟ್ಟಿಗೆಯ ಗೋಡೆ ಮಾತ್ರ. ಚೆಂಡು ಭತ್ತದ ರಾಶಿಗೆ ಬಿದ್ದರೆ ಅಜ್ಜನ ಕೆಮ್ಮು ಕೇಳುತ್ತಿತ್ತು.

ಅಷ್ಟರಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂತು. ನಮ್ಮ ಗದ್ದೆಗಳೆಲ್ಲ ಗೇಣಿಯವರ ಹೆಸರಿಗೆ ಹೋದವು. ನ್ಯಾಯವೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆ ವರ್ಷ ಅಂಗಳಕ್ಕೆ ಭತ್ತ ಬರುವುದಿಲ್ಲವೆಂದು ಮನೆಯವರೆಲ್ಲ ತಲೆಗೆ ಕೈಹೊತ್ತು ಕೂತಿದ್ದರೆ ದೊಡ್ಡಮ್ಮ ಮಾತ್ರ ಅಂಗಳದ ಉದ್ದಗಲ ಹೆಜ್ಜೆಯಲ್ಲಿ ಅಳೆಯುತ್ತಿದ್ದಳು. ಅಮ್ಮನಿಗೆ ನಾಚಿಕೆಯಾಯಿತು. “ಅಕ್ಕಾ, ಮಾವ ನೋಡುತ್ತಿದ್ದಾರೆ.” ಅಜ್ಜ ನೋಡುತ್ತಿದ್ದದ್ದು ಹೌದು. ಮರುದಿನ ಬೆಳಿಗ್ಗೆ ನಾವು ಎದ್ದದ್ದೇ ಮಣ್ಣು ಬಡಿಯುವ ಸದ್ದಿಗೆ. ಅಜ್ಜ ಆಳುಗಳನ್ನು ಕರೆಸಿದ್ದರು. ಬಾರದ ಭತ್ತಕ್ಕೆ ಅಂಗಳ ಯಾಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಂದ ಮುಂದೆ ಪ್ರತಿವರ್ಷ ಅಂಗಳ ಬಡಿಸಿದರು, ಪ್ರತಿವರ್ಷ ದೊಡ್ಡಮ್ಮ ಅದರ ಮೇಲೆ ಚಿಪ್ಪಿನ ಸುಣ್ಣದಲ್ಲಿ ಗೆರೆ ಎಳೆದಳು. ಕಡಲ ತಡಿಯ ಮೀನುಗಾರರ ಮನೆಯಿಂದ ತಂದ ಹಳೆಯ ಮೀನುಬಲೆಯನ್ನು ತೆಂಗಿನ ಮರದಿಂದ ಚಾವಡಿಯ ಎದುರಿನ ಗೂಟಕ್ಕೆ ಕಟ್ಟಿದಳು. ತುಳಸಿಕಟ್ಟೆ ಮಾತ್ರ ಕೋರ್ಟಿನ ಒಳಗೇ ಉಳಿಯಿತು. ಚೆಂಡು ಅದಕ್ಕೆ ತಾಗಿದರೆ ಆ ಪಾಯಿಂಟ್ ಮತ್ತೆ ಆಡಬೇಕು ಎಂಬುದು ನಮ್ಮ ಮನೆಯ ಕಾನೂನು. ಎದುರಿಗೆ ಆಡಲು ನಾನು, ತನ್ನ ಬ್ಯಾಟು ನನ್ನ ಕೈಗೆ ಕೊಟ್ಟು ಅವಳು ಟ್ರಂಕಿನ ತಳದ ಇನ್ನೊಂದು ಹಳೆಯದನ್ನು ಹಿಡಿಯುತ್ತಿದ್ದಳು. ನನಗೆ ಬ್ಯಾಟು ಹಿಡಿಯಲು ಬರುವ ಮೊದಲೇ ಬೈಗಳು ತಿನ್ನಲು ಬರುತ್ತಿತ್ತು. “ಕಾಯಬೇಡ ಮಾರಾಯ್ತಿ, ಮುಂದೆ ಬಾ. ಚೆಂಡಿಗೆ ಕಾಯುವವಳು ಕಾಯುತ್ತಲೇ ಇರುತ್ತಾಳೆ.”

ಒಂದು ಸಂಜೆ ಆಟ ಮುಗಿಸಿ ಜಗಲಿಯ ಮೆಟ್ಟಿಲಲ್ಲಿ ಕೂತಾಗ ನಾನು ಪೆದ್ದುಪೆದ್ದಾಗಿ ಕೇಳಿದೆ: “ಆ ಮದರಾಸಿನ ಮ್ಯಾಚು ಗೆದ್ದಿದ್ದರೆ ಎಂತ ಆಗುತ್ತಿತ್ತು ದೊಡ್ಡಮ್ಮ?” ಅವಳ ಪಾದ ಮೆಟ್ಟಿಲನ್ನು ತಟ್ಟುತ್ತಲೇ ಇತ್ತು. “ಗೆಲ್ಲುವುದು ಬೇರೆ. ಸೋತಿದ್ದರೂ ಆಗುತ್ತಿತ್ತು. ಸೋತು ಬಂದವಳಿಗೆ ನಿದ್ದೆ ಬರುತ್ತದೆ. ನಾನು ಮುಗಿಸದೆ ಬಂದೆ, ಅಲ್ವಾ. ಇನ್ನೂ ಆಡುತ್ತಲೇ ಇದ್ದೇನೆ ಅಂತ ಕಾಲಿಗೆ ಅನ್ನಿಸುತ್ತದೆ. ಒಂದು ಮ್ಯಾಚು, ಒಂದೇ, ಕೊನೆಯ ಪಾಯಿಂಟಿನವರೆಗೆ ಆಡಬೇಕು.” ಅಷ್ಟು ಉದ್ದ ಅವಳು ತನ್ನ ಬಗ್ಗೆ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಅಜ್ಜನ ಕುರ್ಚಿ ನಮ್ಮ ಹಿಂದೆಯೇ ಇತ್ತು. ಅವರಿಗೆ ಕೇಳಿಸಿತೋ ಇಲ್ಲವೋ.

ಅಜ್ಜನಿಗೆ ಉಬ್ಬಸ ಹೆಚ್ಚಾದಾಗ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಶುರುವಾಯಿತು. ಆ ಗುಡ್ಡದ ಮೇಲೆ ಡಾಕ್ಟರುಗಳ ಕ್ಲಬ್ಬೊಂದಿತ್ತು, ತಂತಿಬಲೆಯ ಬೇಲಿ ಹಾಕಿದ ಕೋರ್ಟು. ಮೊದಲ ಸಲ ಹೋದಾಗ ಅಜ್ಜನನ್ನು ಬೆಂಚಿನಲ್ಲಿ ಕೂರಿಸಿ ಸರತಿ ಕಾಯುತ್ತಿದ್ದೆವು. ದೂರದಿಂದ ಚೆಂಡಿನ ಸದ್ದು ಬಂತು. ದೊಡ್ಡಮ್ಮನ ಕುತ್ತಿಗೆ ತಿರುಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. “ಈಗ ಬಂದೆ” ಎಂದು ನನ್ನ ಕೈ ಹಿಡಿದು ನಡೆದೇಬಿಟ್ಟಳು. ಕೋರ್ಟಿನಲ್ಲಿ ಧಾರವಾಡದ ಕಡೆಯ ಡಾಕ್ಟರ್ ನಳಿನಿ ಎಂಬ ಹುಡುಗಿ ಆಡುತ್ತಿದ್ದಳು. ದೊಡ್ಡಮ್ಮ ಬೇಲಿಗೆ ಬೆರಳು ಸಿಕ್ಕಿಸಿಕೊಂಡು ನೋಡುತ್ತ, ಅವಳು ಹೊಡೆದಾಗಲೆಲ್ಲ ತಾನೂ ಭುಜ ಆಡಿಸುತ್ತಿದ್ದಳು. ಆ ಹುಡುಗಿ ಆಟ ನಿಲ್ಲಿಸಿ ಹತ್ತಿರ ಬಂದಳು. “ಅಮ್ಮಾ, ನಿಮಗ ಆಟ ಗೊತ್ತದ ಏನ್ರಿ?” ದೊಡ್ಡಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾವು ಹಿಂದೆ ಬರುವಾಗ ಅಜ್ಜ ಎಷ್ಟು ಹೊತ್ತಿನಿಂದಲೋ ಅದೇ ಬೆಂಚಿನಲ್ಲಿ ಒಬ್ಬರೇ ಇದ್ದರು. ಬೈಯುತ್ತಾರೆಂದು ನಾನು ಹೆದರಿದೆ. “ಬೆವರಿದ್ದೀಯಲ್ಲ” ಎಂದರು. “ಬಿಸಿಲು ಮಾವ” ಎಂದಳು ದೊಡ್ಡಮ್ಮ. ಆಮೇಲೆ ಆಸ್ಪತ್ರೆಗೆ ಹೋಗುವ ದಿನ ಬಂದರೆ ಅಜ್ಜನೇ ಮುಂಚಿತವಾಗಿ ಹೊರಟು ಕೂರುತ್ತಿದ್ದರು.

ಎಂಬತ್ತರ ಆಸುಪಾಸಿನ ಒಂದು ಬೇಸಿಗೆಯಲ್ಲಿ ಆ ಕ್ಲಬ್ಬಿನವರು ತಮ್ಮ ವಾರ್ಷಿಕ ಪಂದ್ಯಕ್ಕೆ ದೊಡ್ಡಮ್ಮನ ಹೆಸರನ್ನೂ ಸೇರಿಸಿದರು. ಅರ್ಧ ತಮಾಷೆಗೆ ಸೇರಿಸಿದ್ದಿರಬೇಕು. ಬಿಳಿ ಸೀರೆಯನ್ನು ಎತ್ತಿ ಕಟ್ಟಿ, ಕ್ಯಾನ್ವಾಸು ಬೂಟು ಹಾಕಿದ ಐವತ್ತು ದಾಟಿದ ಹೆಂಗಸು ಒಬ್ಬೊಬ್ಬರನ್ನೇ ಸೋಲಿಸಿ ಫೈನಲಿಗೆ ಬಂದಾಗ ತಮಾಷೆ ನಿಂತಿತು. ಫೈನಲ್ ಭಾನುವಾರ ಬೆಳಿಗ್ಗೆ, ಡಾಕ್ಟರ್ ನಳಿನಿಯ ಎದುರು. ಆ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದಿದ್ದರು. ಹೋಗುವುದೋ ಬಿಡುವುದೋ ಎಂದು ದೊಡ್ಡಮ್ಮ ಆ ವಾರವೆಲ್ಲ ಕಂಬದಿಂದ ಕಂಬಕ್ಕೆ ನಡೆದಳು. ಹೊರಡುವ ಮೊದಲು ಅಜ್ಜನ ಕೋಣೆಗೆ ಹೋದಳು, ನಾನು ಬಾಗಿಲಲ್ಲಿ ನಿಂತೆ. ಅಜ್ಜ ಕಣ್ಣು ತೆರೆದು ಅವಳ ಬಿಳಿಯ ಬೂಟನ್ನೇ ನೋಡಿದರು. “ಅಂಗಳ ಗಟ್ಟಿ ಉಂಟಾ?”

“ಉಂಟು ಮಾವ.”

“ಹಾಗಾದರೆ ಆಯಿತು” ಎಂದು ಗೋಡೆಯ ಕಡೆಗೆ ತಿರುಗಿದರು. ಭತ್ತದ ಕಾಲದ ಭ್ರಮೆಯಲ್ಲಿ ಕೇಳಿದರೋ, ನಮ್ಮ ಕಾಲದಲ್ಲಿದ್ದು ಕೇಳಿದರೋ ತಿಳಿಯಲಿಲ್ಲ. ದೊಡ್ಡಮ್ಮ ಇನ್ನೇನೋ ಹೇಳಲು ಬಾಗಿದವಳು ನೆಟ್ಟಗಾದಳು. ಅವಳ ತುಟಿ ಅಲುಗಿದ್ದನ್ನು ನಾನು ನೋಡಿದೆ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಲ್ಲದೆ ನಡೆದಳು, ನಾನು ಹಿಂದೆ ಓಡಿದೆ.

ಮ್ಯಾಚು ಹೇಗಿತ್ತೆಂದು ಪೂರ್ತಿ ಬರೆಯಲಾರೆ. ಮೊದಲ ಸೆಟ್ ದೊ‌ಡ್ಡಮ್ಮನದು. ಎರಡನೆಯದು ನಳಿನಿಯದು. ಮೂರನೆಯದು ಶುರುವಾದ ಸ್ವಲ್ಪ ಹೊತ್ತಿಗೆ ಬೇಲಿಯ ಆಚೆ ಬಾಡಿಗೆ ಕಾರೊಂದು ಬಂದು ನಿಂತಿತು. ಇಳಿದವನು ವಾಸಣ್ಣ. ಹೋಟೆಲಿನ ಕೆಲಸ ಬಿಟ್ಟು ಊರಿಗೆ ಬಂದು ಕೆಲವು ವರ್ಷವಾಗಿತ್ತು, ನಮ್ಮ ಪಕ್ಕದ ಮನೆಯಲ್ಲೇ ಇದ್ದ. ತಲೆ ಪೂರ್ತಿ ನೆರೆತಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ನೀರಿನ ಫ್ಲಾಸ್ಕು ಹಿಡಿದು ಬೆಂಚಿನಲ್ಲಿದ್ದ ನನ್ನನ್ನು ನೋಡಿದ. ನಾನು ಏಳಹೋದೆ. ಅವನು ಕೈಯಲ್ಲೇ ಕೂರು ಎಂದ. ಗೇಟಿನ ತನಕ ಬಂದು, ಗೇಟಿನ ಚಿಲಕದ ಮೇಲೆ ಕೈ ಇಟ್ಟು, ತೆಗೆದ. ತಿರುಗಿ ಹೋಗಿ ಗೇರುಮರದ ಬುಡದ ಕಲ್ಲಿನ ಮೇಲೆ ನಮಗೆ ಬೆನ್ನು ಹಾಕಿ ಕೂತ.

ನನಗೆ ಅರ್ಥವಾಯಿತು. ಅವನು ಬಂದ ಕಾರಣ ಅರ್ಥವಾಯಿತು, ಒಳಗೆ ಬಾರದ ಕಾರಣವೂ ಅರ್ಥವಾಯಿತು. ದೊಡ್ಡಮ್ಮ ಆ ಬೇಲಿಯ ಕಡೆಗೇ ಮುಖ ಮಾಡಿ ಆಡುತ್ತಿದ್ದಳು, ಗೇರುಮರ ಅವಳ ಕಣ್ಣಿಗೆ ನೇರ. ಆದರೂ ಅವಳು ನೋಡಿದ ಹಾಗೆ ಕಾಣಲಿಲ್ಲ. ಕಾಲು ಸೋಲುತ್ತಿತ್ತು, ಉಸಿರು ನನಗೆ ಕೇಳಿಸುತ್ತಿತ್ತು. ಆದರೂ ಸರ್ವ್ ಮಾಡಿದೊಡನೆ ಮುಂದಕ್ಕೆ ಓಡುವುದನ್ನು ಬಿಡಲಿಲ್ಲ. ಹಿಂದೆ ನಿಂತು ಆಡಿದ್ದರೆ ಗೆಲ್ಲುತ್ತಿದ್ದಳೋ ಏನೋ. ಕೊನೆಯ ಚೆಂಡನ್ನು ನಳಿನಿ ಅವಳ ತಲೆಯ ಮೇಲಿಂದ ಹಾರಿಸಿದಳು. ದೊಡ್ಡಮ್ಮ ಹಿಂದಕ್ಕೆ ಓಡಲಿಲ್ಲ. ನಿಂತು, ತಲೆ ಎತ್ತಿ, ಚೆಂಡು ಗೆರೆಯ ಒಳಗೆ ಬೀಳುವುದನ್ನು ನೋಡಿದಳು. ಸೋತಿದ್ದಳು. ಬಲೆಯ ಹತ್ತಿರ ಬಂದು ಹುಡುಗಿಯ ಕೆನ್ನೆ ತಟ್ಟಿದಳು. ಬೆಂಚಿಗೆ ಬಂದು ಬ್ಯಾಟನ್ನು ಚೌಕಟ್ಟಿಗೆ ಹಾಕಿ ತಿರುಪುಗಳನ್ನು ಒಂದೊಂದಾಗಿ ಬಿಗಿದಳು. ನೀರು ಕುಡಿದಳು. ಆಮೇಲೆ ನೇರ ಗೇರುಮರದ ಕಡೆಗೆ ನಡೆದಳು.

ವಾಸಣ್ಣ ಎದ್ದು ನಿಂತ. ಆ ಮನುಷ್ಯ ತನ್ನ ಜೀವಮಾನದಲ್ಲಿ ಮೊದಲ ಬಾರಿ ಕ್ರಮ ತಪ್ಪಿಸಿದ. “ಸುಮತಿ, ದೊಡ್ಡ ಮಾವ ಹೋದರು. ನೀನು ಹೊರಟ ಸ್ವಲ್ಪ ಹೊತ್ತಿಗೇ.”

“ನೀನು ಕಾರಿನಿಂದ ಇಳಿಯುವಾಗಲೇ ನೋಡಿದ್ದೇನೆ.”

“ಗೊತ್ತು.”

“ಒಳಗೆ ಬಂದಿದ್ದರೆ ನಾನು ಹೊರಡಬೇಕಿತ್ತು.”

“ಅದಕ್ಕೇ ಬರಲಿಲ್ಲ” ಎಂದ ವಾಸಣ್ಣ, ಮತ್ತೆ ಕಲ್ಲಿನ ಮೇಲೆ ಕುಸಿದು ಮಕ್ಕಳ ಹಾಗೆ ಅತ್ತ. ದೊಡ್ಡಮ್ಮನೇ ಅವನ ಭುಜ ಹಿಡಿದು ಎಬ್ಬಿಸಿದಳು. ಕಾರು ಉಡುಪಿ, ಕಟಪಾಡಿ ದಾಟಿ ಮನೆಗೆ ಬಂತು.

ಅಂಗಳ ತುಂಬ ಜನ. ಹಿರಿಯ ಸೊಸೆ ಬಂದು ಬಾಯಿಗೆ ತುಳಸಿನೀರು ಬಿಡದೆ ಹೆಣ ಎತ್ತುವಂತಿಲ್ಲ ಎಂದು ಎಲ್ಲ ಕಾಯುತ್ತಿದ್ದರು. ದೊಡ್ಡಮ್ಮ ಬಿಳಿ ಸೀರೆಯಲ್ಲೇ ಇದ್ದಳು, ಬಟ್ಟೆ ಬದಲಿಸುವ ಕೆಲಸ ಇರಲಿಲ್ಲ. ಬೂಟು ಮಾತ್ರ ಗೇಟಿನಲ್ಲಿ ಕಳಚಿದಳು. “ಯಜಮಾನರು ಹೋಗುವಾಗ ಇವಳು ಆಡಲು ಹೋದದ್ದಾ?” ಎಂದು ಹೆಂಗಸರ ಗುಂಪಿನಿಂದ ಒಂದು ಮಾತು ಬಂತು, ಯಾರೂ ಅದನ್ನು ಅಡಗಿಸಲಿಲ್ಲ. ನೀರು ಬಿಟ್ಟಳು. ಚಟ್ಟ ಎತ್ತಿದಾಗ ಅಂಗಳಕ್ಕೆ ಅಡ್ಡ ಕಟ್ಟಿದ ಮೀನುಬಲೆ ದಾರಿಗೆ ಅಡ್ಡವಾಯಿತು. ಹೊತ್ತವರು ತಡೆದು ನಿಂತರು. ಯಾರೋ ಕತ್ತಿ ತನ್ನಿ ಎಂದರು. ದೊಡ್ಡಮ್ಮ ಮುಂದೆ ಹೋಗಿ ತೆಂಗಿನ ಮರದ ಗಂಟನ್ನು ತಾನೇ ಬಿಚ್ಚಿ ಬಲೆಯನ್ನು ಮಡಚಿ ಎದೆಗೆ ಹಿಡಿದು ನಿಂತಳು. ಅಜ್ಜ ತಾವೇ ಬಡಿಸಿದ ಅಂಗಳದ ಮೇಲೆ, ಸುಣ್ಣದ ಗೆರೆಗಳನ್ನು ದಾಟಿ ಹೋದರು.

ಮರುದಿನ ಮಧ್ಯಾಹ್ನ, ಮನೆ ತುಂಬ ನೆಂಟರಿರುವಾಗ, ದೊಡ್ಡಮ್ಮ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದಳು. ಗೊರಕೆ ಅಂಗಳದವರೆಗೆ ಕೇಳುತ್ತಿತ್ತು. ನೆಂಟರು ಮುಖ ಮುಖ ನೋಡಿಕೊಂಡರು. ಅಮ್ಮ ಒಂದು ಹೊದಿಕೆ ತಂದು ಹೊದಿಸಿ, ಪಕ್ಕದಲ್ಲೇ ಕಾವಲಿನ ಹಾಗೆ ಕೂತಳು. “ಮಲಗಲಿ, ಯಾರೂ ಎಬ್ಬಿಸಬೇಡಿ” ಎಂದಳು. ಅಮ್ಮನ ಆ ಗಡಸು ದನಿ ನಾನು ಮೊದಲು ಕೇಳಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಎದ್ದು ಜಗಲಿಯ ಮೆಟ್ಟಿಲಲ್ಲಿ ಕೂತಳು. ಎರಡು ಪಾದವೂ ನೆಲದ ಮೇಲೆ, ಅಲುಗಾಡದೆ. ನಾನು ಹತ್ತಿರ ಕೂತೆ. ಯಾವಾಗಲೂ ತಟ್ಟುತ್ತಿದ್ದ ಆ ಪಾದ ಸುಮ್ಮನಿರುವುದನ್ನು ನೋಡಲು ನನ್ನಿಂದ ಆಗಲಿಲ್ಲ, ಕೇಳಿಬಿಟ್ಟೆ: “ದೊಡ್ಡಮ್ಮ, ಅಜ್ಜ ಅಂದು ಬೇಕಂತಲೇ ಕರೆಸಿದ್ದಾ?”

ಅವಳು ಬಲೆಯಿಲ್ಲದ ಅಂಗಳವನ್ನು ನೋಡಿದಳು. “ನಿನ್ನೆ ಬೆಳಿಗ್ಗೆ ಬಾಯಿಯ ತನಕ ಬಂದಿತ್ತು. ಮ್ಯಾಚು ಮುಗಿಸಿ ಬಂದು ಕೇಳುವ ಅಂತ ಬಿಟ್ಟೆ” ಎಂದಳು.

ಆ ಮಳೆಗಾಲ ಬ್ಯಾಟು ಅಟ್ಟಕ್ಕೆ ಹೋಗಲಿಲ್ಲ. ಅಮ್ಮ ಕೊಬ್ಬರಿ, ಹಪ್ಪಳ, ಸಿಗಡಿಯ ಗಂಟು ಎಲ್ಲ ಮೇಲೆ ಏರಿಸಿ, “ಅಕ್ಕಾ, ಬ್ಯಾಟು?” ಎಂದು ಕೈ ಚಾಚಿದಳು. “ಅಲ್ಲೇ ಇರಲಿ” ಎಂದಳು ದೊಡ್ಡಮ್ಮ. ಅದು ಚಾವಡಿಯ ಗೂಟದಲ್ಲಿ, ಅಜ್ಜನ ಖಾಲಿ ಕುರ್ಚಿಯ ಮೇಲೆ ತೂಗಿತು. ಆಟಿ ತಿಂಗಳ ಮಳೆ ಕಡಲಿನ ಕಡೆಯಿಂದ ಬಿಡದೆ ಹೊಡೆಯುತ್ತಿದ್ದ ಮಧ್ಯಾಹ್ನಗಳಲ್ಲಿ ನಾವು ಚಾಪೆ ಹಾಸಿ ಮಲಗಿರುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಗೂಟದ ಕಡೆಯಿಂದ ಟಣ್ ಎಂದು ಒಂದು ಸದ್ದು ಬರುತ್ತಿತ್ತು. ತೇವಕ್ಕೆ ಒಂದು ತಂತಿ ಕಡಿದದ್ದು. ನಾನು ಬೆಚ್ಚಿ ಎದ್ದು ಕೂರುತ್ತಿದ್ದೆ. ದೊಡ್ಡಮ್ಮ ಕಣ್ಣು ತೆರೆಯದೆ, “ಹೋಯಿತು ಇನ್ನೊಂದು” ಎಂದು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಗುತ್ತಿದ್ದಳು. ಮುಂದಿನ ಸದ್ದಿಗೆ ಕಾಯುತ್ತ ಎಚ್ಚರ ಇರುತ್ತಿದ್ದವಳು ನಾನು.